ದೊಡ್ಡವ್ವನ ಹಾಡೂ ನನ್ನ ತಂತ್ರಾಂಶವೂ

ಸಂತೆಯಲ್ಲಿ ಎಮ್ಮೆ ಕೊಳ್ಳಲು ಹೋದವನಿಗೆ ಬುದ್ಧಿ ಹೇಳುವವರು ಎಷ್ಟು ಮಂದಿಯೋ, ಹಾಡು ಮುದ್ರಿಸುವ ತಂತ್ರಾಂಶ ಹುಡುಕುವವನಿಗೂ ಅಷ್ಟೇ ಮಂದಿ. ಹಾಸನದ ನಮ್ಮ ಕಾಲೇಜಿನಲ್ಲಿ ನಾನು ಈ ಮಾತೆತ್ತಿದ ದಿನವೇ ಇಬ್ಬರು ಗುರುಗಳು ದೊರೆತರು. ಚನ್ನರಾಯಪಟ್ಟಣದ ಮಿತ್ರ ವಾದ್ಯಗೋಷ್ಠಿಯಲ್ಲಿ ಕೀಬೋರ್ಡು ನುಡಿಸುವವನು. ತಬಲ, ಗಿಟಾರು, ಕೊಳಲುಗಳನ್ನು ಬೇರೆಬೇರೆಯಾಗಿ ಮುದ್ರಿಸಿ ಜೋಡಿಸುವುದು ಅವನ ಕೆಲಸ. "ರೀಪರ್ ಹಾಕ್ಕೋ, 60 ದಿನ ಪರೀಕ್ಷೆ ಮಾಡಿ ನೋಡಬಹುದು" ಎಂದ. ಹೊಳೆನರಸೀಪುರದಿಂದ ರೈಲಿನಲ್ಲಿ ಬರುವ ಇನ್ನೊಬ್ಬನು ಗ್ಯಾರೇಜ್‌ಬ್ಯಾಂಡನ್ನು ಅರ್ಧ ಗಂಟೆ ಹೊಗಳಿ, ಅದು ಆಪಲ್ ಯಂತ್ರಗಳಲ್ಲಲ್ಲದೆ ನಡೆಯದೆಂಬುದನ್ನು ಕೊನೆಗೆ ಹೇಳಿದ. ನನ್ನಲ್ಲಿದ್ದುದು ಅಣ್ಣ ಬಳಸಿ ಬಿಟ್ಟ ವಿಂಡೋಸ್ ಲ್ಯಾಪ್‌ಟಾಪು.

ಇಷ್ಟಕ್ಕೂ ನಾನು ಮುದ್ರಿಸಬೇಕಾಗಿದ್ದುದು ಅರಕಲಗೂಡಿನ ಬಳಿಯ ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವನ ಸೋಬಾನೆ ಪದಗಳನ್ನು. ಸಂಗೀತ ವಿದ್ವಾಂಸರ ಊರೆಂದು ಹೆಸರಾದ ರುದ್ರಪಟ್ಟಣ ಅದೇ ತಾಲ್ಲೂಕಿನದು. ದೊಡ್ಡವ್ವನಿಗೆ ಶ್ರುತಿಪೆಟ್ಟಿಗೆಯ ಪರಿಚಯವೂ ಇಲ್ಲ. ಕೈಯಲ್ಲಿ ಮೊರವಿದ್ದರೆ ಹಾಡು ಬರುತ್ತದೆ. ಮೊರ ಕೆಳಗಿಟ್ಟರೆ ಹಾಡೂ ನಿಲ್ಲುತ್ತದೆ. ಎಂಬತ್ತು ದಾಟಿದ ಜೀವ. ಜೊತೆಯಲ್ಲಿ ಸೊಲ್ಲೆತ್ತುತ್ತಿದ್ದವರು ಯಾರೂ ಉಳಿದಿಲ್ಲ.

ಮೊದಲ ಸಲ ಭಾರಿ ತಂತ್ರಾಂಶವೊಂದನ್ನು ಹೊತ್ತುಕೊಂಡು ಹೋದೆ. ಹೆಸರು ಬೇಡ. ಪರದೆಯ ತುಂಬ ಗುಂಡಿಗಳು. ಮುದ್ರಣ ಆರಂಭಿಸಿದೊಡನೆ ಟಿಕ್ ಟಿಕ್ ಎಂದು ತಾಳ ಹೊಡೆಯತೊಡಗಿತು. ದೊಡ್ಡವ್ವ ರಾಗಿ ಕೇರುವುದನ್ನು ನಿಲ್ಲಿಸಿ, "ಅದ್ರ ಹಿಂದೆ ನಾನು ಹೋಗ್ಬೇಕೇನ್ಲಾ ಮಗ, ನನ್ನ ಹಿಂದೆ ಅದು ಬತ್ತದಾ?" ಎಂದಳು. ಆ ಟಿಕ್ ಟಿಕ್ಕನ್ನು ನಿಲ್ಲಿಸಲು ಗುಂಡಿಯೊಂದುಂಟೆಂದು ನನಗೆ ತಿಳಿದದ್ದು ಆಮೇಲೆ. ಹೇಗೋ ಸದ್ದು ಅಡಗಿಸಿದೆ. ಧಾರೆಯ ಹೊತ್ತಿನ ದೊಡ್ಡ ಪದವೊಂದನ್ನು ಅವಳು ಕೊನೆಯವರೆಗೂ ಹಾಡಿದಳು. ಮುಗಿಯುವ ಹೊತ್ತಿಗೆ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಒಂದಕ್ಷರವೂ ಉಳಿಯಲಿಲ್ಲ. ಮತ್ತೆ ಹಾಡೆಂದು ಕೇಳಿದರೆ, "ಈಗ ಬರಾಕಿಲ್ಲ, ಹೋಯ್ತು" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ನನಗೆ ಬೇಕಾದದ್ದು ಒಂದೇ ಧ್ವನಿ. ಅವಳು ಬಾಯಿ ತೆರೆಯುವ ಮುನ್ನ, ಒಂದೇ ಒತ್ತಿಗೆ ಮುದ್ರಣ ಶುರುವಾಗಬೇಕು. ಗಂಟೆಗಟ್ಟಲೆ ಓಡಬೇಕು. ಯಾವ ಪದ ಎಲ್ಲಿ ಬಂತೆಂದು ಆಮೇಲೆ ಗುರುತು ಹಾಕಲು ಬರಬೇಕು. ಚನ್ನರಾಯಪಟ್ಟಣದವನ ಕೆಲಸ ಬೇರೆ, ನನ್ನದು ಬೇರೆ. ಇದನ್ನು ಮೊದಲೇ ಯೋಚಿಸದೆ ಅವನ ಅಂಗಿ ತೊಟ್ಟುಕೊಳ್ಳಹೋದದ್ದು ನನ್ನ ದಡ್ಡತನ.

2000ದಲ್ಲಿ ಹೊರಬಂದ ಆಡಾಸಿಟಿ ಉಚಿತವಾಗಿ ಸಿಗುತ್ತದೆ, ನೋಟವೇನೂ ಅಂದವಲ್ಲ. ಆದರೆ ಕೆಂಪು ಗುಂಡಿ ಒತ್ತಿದರೆ ಓಡುತ್ತದೆ, ಕಂಟ್ರೋಲ್ ಬಿ ಒತ್ತಿದರೆ ಗುರುತಿನ ಚೀಟಿ ಅಂಟಿಸುತ್ತದೆ. ಒಂಟಿ ಧ್ವನಿಯ ಸಾಮಾನ್ಯ ವೇವ್ ಕಡತಕ್ಕೆ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಸಾಕು. ಬರಿಯ ಸದ್ದಿನ ಮಾದರಿಯೊಂದನ್ನು ತೋರಿಸಿದರೆ ಅಂಥ ಸದ್ದನ್ನು ತಗ್ಗಿಸಿಯೂ ಕೊಡುತ್ತದೆ. ಫ್ಯಾನಿನ ಗೊರಗೊರವನ್ನು ಹಾಗೆ ತೆಗೆಯಹೋದೆ. ಅತಿಯಾಗಿ ತೆಗೆದೆನೋ ಏನೋ, ದೊಡ್ಡವ್ವನ ಧ್ವನಿ ತಗಡಿನ ಡಬ್ಬದಿಂದ ಬಂದಂತಾಯಿತು. ಮೊದಲಿನಂತೆಯೇ ಬಿಟ್ಟೆ. ಮುಂದಿನ ಸಲ ಫ್ಯಾನನ್ನೇ ಆರಿಸಿದೆ.

ಈಗ ಭಾನುವಾರಗಳಲ್ಲಿ ಅರಕಲಗೂಡಿನ ಬಸ್ಸು ಹತ್ತುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ಪದಗಳಾಗಿವೆ. ಧಾರೆಯ ಪದದ ಮೊದಲ ಎರಡು ನುಡಿಗಳು ಹೋದ ವಾರ ಮೊರದ ಜೊತೆಗೆ ತಾವಾಗಿಯೇ ಬಂದವು. ಮೂರನೆಯದರ ಹತ್ತಿರ ನಿಂತು, "ತಡಿಲಾ ಮಗ" ಎಂದಳು. ಗುಂಡಿ ಒತ್ತದೆ ಹಾಗೆಯೇ ಓಡಲು ಬಿಟ್ಟೆ.