ಒಳಮನೆಯ ಬಾಗಿಲು

ಸಂತೆಯ ಮೂಲೆಯಲ್ಲಿ ನಿಂತು ಗಂಟಲು ಹರಿಯುವಂತೆ ಸುವಾರ್ತೆಯನ್ನು ಸಾರುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಪಾದ್ರಿಗೆ ಶ್ರೋತೃಗಳ ಕೊರತೆ ಇರಲಿಲ್ಲ. ವಾದಕ್ಕೆಂದು ಬಂದ ಶಾಸ್ತ್ರಿಗಳು, ಹೊತ್ತು ಕಳೆಯಲು ಬಂದ ಸೋಮಾರಿಗಳು, ಪುಕ್ಕಟೆ ಪುಸ್ತಕಕ್ಕೆ ಕೈಚಾಚುವ ಹುಡುಗರು ಎಲ್ಲರೂ ಇದ್ದರು. ಆದರೆ ಹೆಚ್ಚುಕಡಿಮೆ ಎಲ್ಲರೂ ಗಂಡಸರೇ! ಅವರು ಮನೆಗೆ ಹಿಂದಿರುಗಿ ಜಗಲಿ ದಾಟಿದೊಡನೆ ಇನ್ನೊಂದು ರಾಜ್ಯ ಮೊದಲಾಗುತ್ತಿತ್ತು. ತುಳಸಿಕಟ್ಟೆ, ವ್ರತ, ಮಡಿ, ಮಕ್ಕಳ ತೊಟ್ಟಿಲು ಎಲ್ಲವೂ ಆ ರಾಜ್ಯಕ್ಕೆ ಸೇರಿದವು. ಪಾದ್ರಿಯ ವಾಕ್ಚಾತುರ್ಯ ಜಗಲಿಯವರೆಗೆ ಮಾತ್ರ.

ಮತವನ್ನು ಬದಲಿಸುವುದಕ್ಕೆ ತೆರಬೇಕಾದ ಬೆಲೆಯೂ ಇಬ್ಬರಿಗೂ ಒಂದೇ ಆಗಿರಲಿಲ್ಲ. 1850ರ ಕಾನೂನು ಮತ ಬಿಟ್ಟವನ ಪಿತ್ರಾರ್ಜಿತದ ಹಕ್ಕನ್ನು ಉಳಿಸಿಕೊಟ್ಟಿತು. ಸರಿಯೆ, ಆಸ್ತಿಯೇ ಇಲ್ಲದವಳಿಗೆ ಅದರಿಂದ ಏನು ಬಂತು? ಅವಳು ಹೊಸ್ತಿಲು ದಾಟಿದರೆ ಗಂಡ, ಮಕ್ಕಳು, ತವರು ಮೂರೂ ಒಂದೇ ಗಳಿಗೆಯಲ್ಲಿ ಹೋಗುವ ಭಯವಿತ್ತು. ಇದನ್ನು ಅರಿಯದೆ ಸ್ತ್ರೀಯರನ್ನು ‘ಮೌಢ್ಯದ ಕೋಟೆ’ ಎಂದು ಜರೆದವರು ಕೋಟೆಯೊಳಗಿದ್ದವರ ಕಷ್ಟವನ್ನು ಕಂಡವರಲ್ಲ.

ಬಾಗಿಲು ತೆರೆದದ್ದು ಉಪದೇಶದಿಂದಲ್ಲ, ಸೂಜಿಯಿಂದ. ಕಲ್ಕತ್ತೆಯಲ್ಲಿ ಹುಟ್ಟಿ, ಬಂಗಾಳಿಯನ್ನು ಬಾಲ್ಯದಿಂದಲೇ ಆಡುತ್ತಿದ್ದ ಹನ್ನಾ ಮಲೆನ್ಸ್ ಎಂಬಾಕೆ ಒಂದು ದಿನ ಪಾದರಕ್ಷೆಯ ಮೇಲೆ ಕಸೂತಿ ಹಾಕುತ್ತಿದ್ದಳಂತೆ. ಅದನ್ನು ಕಂಡ ಬಂಗಾಳಿ ಗೃಹಸ್ಥನೊಬ್ಬನು ತನ್ನ ಹೆಂಡತಿಯೂ ಇಂಥದನ್ನು ಕಲಿತರೆ ಚೆನ್ನೆಂದು ಬಯಸಿದನಂತೆ. ಗಂಡಸಿಗೆ ಮುಚ್ಚಿದ್ದ ಅಂತಃಪುರ ಹೀಗೆ ತೆರೆಯಿತು. ಮನೆಯ ಯಜಮಾನನಿಗೆ ಬೇಕಾದದ್ದು ಕಸೂತಿ, ಬಂದಾಕೆಗೆ ಬೇಕಾದದ್ದು ಬೈಬಲ್ಲು. ಒಳಗಿದ್ದವಳಿಗೆ ಬೇಕಾದದ್ದೇನೆಂದು ಇಬ್ಬರೂ ಕೇಳಿರಲಾರರು. ಹಲವರು ಅಕ್ಷರವನ್ನೂ ಹೊಲಿಗೆಯನ್ನೂ ಕಲಿತರು, ಕತೆಯನ್ನು ಆದರದಿಂದ ಕೇಳಿದರು, ದೇವರನ್ನು ಬದಲಿಸಲಿಲ್ಲ. ದೀಕ್ಷಾಸ್ನಾನದ ಲೆಕ್ಕ ಬೇಡುವ ವರದಿಯಲ್ಲಿ ಇದನ್ನು ಯಾವ ಕಲಮಿನಲ್ಲಿ ಬರೆಯುವುದು?

ಇನ್ನೊಂದು ವಿಪರ್ಯಾಸ: ಪರರ ಅಂತಃಪುರದಲ್ಲಿ ಧರ್ಮವನ್ನು ಬೋಧಿಸಲು ಯೋಗ್ಯಳಾದ ಹೆಂಗಸು ತನ್ನ ಚರ್ಚಿನ ವೇದಿಕೆಗೆ ಸಾಮಾನ್ಯವಾಗಿ ಯೋಗ್ಯಳಾಗಿರಲಿಲ್ಲ. ‘ಬೈಬಲ್ ವುಮನ್’ ಎಂದು ಕರೆಸಿಕೊಂಡು ಬೀದಿ ಬೀದಿ ಅಲೆದ ಭಾರತೀಯ ಸ್ತ್ರೀಯರ ಪಾಡಂತೂ ಇನ್ನೂ ಕೆಳಗಿನದು. ಅವರಲ್ಲಿ ಅನೇಕರು ವಿಧವೆಯರು, ಸಂಬಳ ಅಲ್ಪ. ದಕ್ಷಿಣ ಭಾರತ ಸಭೆಯು 1947ರಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ಪೀಠವೇರಿದ್ದು 2013ರಲ್ಲಿ.

ಸೂಜಿಗಿಂತ ದೊಡ್ಡ ಅಗತ್ಯವೊಂದು ತಮಿಳುನಾಡಿನ ತಿಂಡಿವನದಲ್ಲಿ ಒಂದು ರಾತ್ರಿ ಬಾಗಿಲು ತಟ್ಟಿತು. ಪ್ರಸವವೇದನೆಯಲ್ಲಿದ್ದ ಹೆಂಡತಿಗೆ ಸಹಾಯ ಬೇಡಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಸ್ಕಡ್ಡರ್ ವೈದ್ಯರ ಮನೆಗೆ ಬಂದರು. ವೈದ್ಯರು ಹೊರಡಲು ಸಿದ್ಧ. ಪರಪುರುಷ ಬೇಡ, ಮಗಳು ಬರಲಿ ಎಂದರು ಅವರು. ಮಗಳು ಐಡಾ ವೈದ್ಯವನ್ನು ಕಲಿತಿರಲಿಲ್ಲ. ಬೆಳಗಾಗುವುದರೊಳಗೆ ಮೂವರು ಬಾಣಂತಿಯರೂ ಇಲ್ಲವಾಗಿದ್ದರು. ಅಮೆರಿಕಕ್ಕೆ ತೆರಳಿ 1899ರಲ್ಲಿ ವೈದ್ಯ ಪದವಿ ಪಡೆದ ಐಡಾ, 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಶಾಲೆಯನ್ನು ತೆರೆದಳು. ಮರ್ಯಾದೆಯ ಹೆಸರಿನಲ್ಲಿ ಸತ್ತ ಆ ಮೂವರ ಹೆಸರು ಮಾತ್ರ ಕತೆಯಲ್ಲಿ ಬರುವುದಿಲ್ಲ.

ಮೈಸೂರಿನಲ್ಲಿಯೂ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ಕಟ್ಟಿಸಿ, ಮೇರಿ ಹೋಲ್ಡ್ಸ್‌ವರ್ತ್ ಎಂಬಾಕೆಯ ನೆನಪಿಗೆ ಅರ್ಪಿಸಿದರು. ಅಲ್ಲಿ ದಿಕ್ಕೇ ಬದಲಾಯಿತು. ಒಳಮನೆಗೆ ಯಾರೂ ಹೋಗಬೇಕಾಗಿರಲಿಲ್ಲ, ಒಳಮನೆಯವರೇ ಬರತೊಡಗಿದರು. ಮೈಸೂರಿಗರ ಬಾಯಲ್ಲಿ ಅದು ಇಂದಿಗೂ ‘ಮಿಷನ್ ಆಸ್ಪತ್ರೆ’. ಅಲ್ಲಿ ಹೆತ್ತು ಮಗುವನ್ನೆತ್ತಿಕೊಂಡು ಹಿಂದಿರುಗಿದ ಎಷ್ಟೋ ತಾಯಂದಿರು ಹನ್ನೊಂದನೆಯ ದಿನ ಪುಣ್ಯಾಹಕ್ಕೆ ಪುರೋಹಿತರನ್ನೇ ಕರೆಸಿದರು.