ರಾತ್ರಿ ಶಾಲೆಯಲ್ಲಿ ಅಡಿಗರು

ನವ್ಯ ಕಾವ್ಯ ಅಂದ ಕೂಡಲೇ "ಅದೆಲ್ಲ ಎಂ.ಎ. ಮಾಡಿದವರಿಗೆ ಬಿಡಿ ಮಾರಾಯ್ರೆ" ಅನ್ನುವವರು ನಮ್ಮ ಡೊಂಬಿವಲಿಯ ಕನ್ನಡಿಗರಲ್ಲಿ ಬಹಳ ಮಂದಿ. ನಾನು ಅದನ್ನು ಓದಿದ್ದು ಹೈಸ್ಕೂಲಿನಲ್ಲಿ. ಅದೂ ಮುಂಬಯಿಯ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ, 1976ರಲ್ಲಿ.

ಹಗಲು ಹೊಟೇಲು, ಕ್ಯಾಂಟೀನು. ಸಂಜೆ ಆರೂವರೆಗೆ ಶಾಲೆ. ಹದಿನಾರರ ಹುಡುಗನೂ ಇಪ್ಪತ್ತೈದರವನೂ ಒಂದೇ ಬೆಂಚಿನಲ್ಲಿ. ಎಸ್ಸೆಸ್ಸಿ ಪಾಸಾದರೆ ತಟ್ಟೆ ತೊಳೆಯುವುದು ತಪ್ಪಿ ಯಾವುದಾದರೂ ಆಫೀಸಿನಲ್ಲಿ ಪ್ಯೂನ್ ಕೆಲಸ ಸಿಕ್ಕೀತು ಅನ್ನುವುದೊಂದೇ ಆಸೆ. ಹಾಗಾಗಿ ನಮಗೆ ಕವಿತೆ ಅಂದರೆ ಗೈಡಿನ ಸಾರಾಂಶದ ಬಾಯಿಪಾಠ, ಅಷ್ಟೆ.

ಕನ್ನಡ ಮಾಸ್ತರರು ಹಗಲಲ್ಲಿ ಬ್ಯಾಂಕಿನ ಗುಮಾಸ್ತರು. ಒಂದು ದಿನ ಪಾಠಪುಸ್ತಕ ಮುಚ್ಚಿಸಿ, ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' ತೆಗೆದರು. 1954ರ ಸಂಕಲನ. ಹೆಸರು ಕೇಳಿಯೇ ನಾವೆಲ್ಲ ನೆಟ್ಟಗೆ ಕೂತೆವು. ಅರ್ಧ ಕ್ಲಾಸು ಉಡುಪಿ, ಕುಂದಾಪುರ ಕಡೆಯದು. ಅಡಿಗರೂ ಆಗಿನ ಕುಂದಾಪುರ ತಾಲೂಕಿನ ಮೊಗೇರಿಯವರೇ. ಯಕ್ಷಗಾನದ ಪದ ಬರುತ್ತದೆ ಅಂದುಕೊಂಡರೆ ಬಂದದ್ದು ಬೇರೆಯೇ!

ಮಾಸ್ತರರು ಅರ್ಥ ಕೇಳಲಿಲ್ಲ. ಎರಡು ಸಲ ಗಟ್ಟಿಯಾಗಿ ಓದಿ, "ತಾಳ ಎಲ್ಲಿ ಮುರಿಯಿತು ಹೇಳಿ" ಅಂದರು. ಊರಲ್ಲಿ ಮೇಳದ ಜೊತೆ ತಿರುಗಿದ್ದ, ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ ಹಿಂದಿನ ಬೆಂಚಿನವನೊಬ್ಬ ತಟ್ಟನೆ ಮೂರು ಕಡೆ ತೋರಿಸಿದ.

"ಕವಿ ಬೇಕೆಂದೇ ಮುರಿದದ್ದು. ಮುಂಬಯಿಗೆ ಬಂದ ಮೇಲೆ ನೀವು ಊರಿನ ನಡಿಗೆಯಲ್ಲೇ ನಡೆಯುತ್ತೀರಾ?"

ಯಾರೂ ಮಾತಾಡಲಿಲ್ಲ.

ಆಮೇಲಿನ ದಿನಗಳಲ್ಲಿ ಎಲಿಯಟ್ ಬಂದ. 1922ರ ಅವನ ಕವಿತೆಯಲ್ಲಿ ಲಂಡನ್ ಸೇತುವೆ ದಾಟುವ ಜನರ ಗುಂಪಿದೆ ಅಂದಾಗ ನಮಗೆ ಕಂಡದ್ದು ಬೆಳಗಿನ ವಿ.ಟಿ. ಸ್ಟೇಶನ್ನು. ಮರಾಠಿಯ ಮರ್ಢೇಕರರೂ ಬಂದರು. ಇಲಿ, ಇರುವೆಗಳನ್ನು ಕವಿತೆಗೆ ತಂದವರು. 1947ರ ಅವರ 'ಕಾಹೀ ಕವಿತಾ' ಅಶ್ಲೀಲವೆಂದು ಕೋರ್ಟು ಹತ್ತಿದ್ದನ್ನು ಕೇಳಿ, ಕವಿತೆಗೂ ಪೊಲೀಸರ ಕಾಟವಿದೆಯಾ ಅಂತ ನಾವು ನಕ್ಕೆವು.

ಇದರಿಂದ ಪರೀಕ್ಷೆಯಲ್ಲಿ ಒಂದು ಮಾರ್ಕೂ ಹೆಚ್ಚು ಬರಲಿಲ್ಲ. ಹಿಂದಿನ ಬೆಂಚಿನವ ಆ ಸಲವೂ ಪಾಸಾಗಲಿಲ್ಲ, ಶಾಲೆ ಬಿಟ್ಟ. ಮುಂದೆ ಕಲ್ಯಾಣದಲ್ಲಿ ಸ್ವಂತ ಹೊಟೇಲು ಮಾಡಿದ. ಅವನ ಗಲ್ಲಾದ ಡ್ರಾಯರಿನಲ್ಲಿ ಚಿಲ್ಲರೆ ಜೊತೆ ಅಡಿಗರ 'ಭೂಮಿಗೀತ' ಇರುತ್ತಿತ್ತು. "ದಡ್ಡ ಅಲ್ಲ ಅಂತ ನನಗೆ ಗೊತ್ತಾದದ್ದು ಆ ಕ್ಲಾಸಿನಲ್ಲಿ ಮಾರಾಯ" ಅಂದಿದ್ದ ಒಮ್ಮೆ.

ಕಷ್ಟದ ಕವಿತೆ ಹೈಸ್ಕೂಲು ಮಕ್ಕಳಿಗೆ ಬೇಡ ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಸುಲಭದ ಪದ್ಯಗಳ ಪ್ರಶ್ನೆಗಳಿಗೆ ಗೈಡಿನಲ್ಲಿ ಉತ್ತರವಿತ್ತು, ಅವನ್ನು ಬಾಯಿಪಾಠ ಮಾಡಲಾರದವ ದಡ್ಡನಾಗಿದ್ದ. ಗೈಡೇ ಇಲ್ಲದ ಕವಿತೆಯ ಎದುರು ನಾವೆಲ್ಲ ಸಮ. ಅಲ್ಲಿ ಅವನ ಕಿವಿಗೆ ಬೆಲೆ ಬಂತು.

ಆ ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಗೆಳೆಯನ ಮೊಮ್ಮಗಳು ಓದುವುದು ಮರಾಠಿ ಮೀಡಿಯಂ. ಮೊನ್ನೆ ಮರ್ಢೇಕರರ ಕವಿತೆ ಹಿಡಿದು ಬಂದು, ಏನೂ ಅರ್ಥವಾಗುವುದಿಲ್ಲ ಅಂದಳಂತೆ.

"ಅರ್ಥ ಆಮೇಲೆ, ಮೊದಲು ಗಟ್ಟಿಯಾಗಿ ಓದು" ಅಂದನಂತೆ ಅಜ್ಜ.