ಗೊತ್ತಾಗದ್ದು ಒಂದು

ಎಚ್1ಬಿಯವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳೋಕೆ 60 ದಿನ. ಮನೇಲಿ ಕೂತು ದಿನ ಎಣಿಸೋ ಬದಲು ಹಕ್ಕಿ ಎಣಿಸೋಣ ಅಂತ ಹೋದೆ. ಆಗಲೇ 19 ಮುಗಿದಿತ್ತು. ಅಮ್ಮನಿಗೆ ಇನ್ನೂ ಹೇಳಿರಲಿಲ್ಲ.

ಡೆನ್ವರ್‌ನ ಪಶ್ಚಿಮಕ್ಕೆ ಡೈನೋಸಾರ್ ರಿಡ್ಜ್ ಅಂತ ಉದ್ದಕ್ಕೆ ಚಾಚಿದ ಗುಡ್ಡ. ಗಾಳಿ ಅದಕ್ಕೆ ಬಡಿದು ಮೇಲೇಳುತ್ತೆ. ವಸಂತದಲ್ಲಿ ಉತ್ತರಕ್ಕೆ ಹೊರಟ ಗಿಡುಗಗಳು ಹೆಚ್ಚು ರೆಕ್ಕೆ ಬಡಿಯದೆ ಅದರ ಮೇಲೇ ತೇಲಿಹೋಗುತ್ತವೆ. ಸ್ವೇನ್ಸನ್ ಗಿಡುಗವಂತೂ ಅರ್ಜೆಂಟೀನಾದ ಕಡೆಯಿಂದ ಬರೋದು. (ಅದಕ್ಕೆ ವೀಸಾ ಬೇಡ.)

ದೂರದಲ್ಲೊಂದು ದೊಡ್ಡ ಕಪ್ಪು ಹಕ್ಕಿ, ರೆಕ್ಕೆ ತುಸು ಮೇಲೆತ್ತಿಕೊಂಡು. ‘ಗೋಲ್ಡನ್ ಈಗಲ್!’ ಅಂದೆ. ಲೆಕ್ಕ ಬರೆಯುತ್ತಿದ್ದ ಹಿರಿಯರು ಪೆನ್ನು ನಿಲ್ಲಿಸಿ, ‘ಆ ಕಡೆ ಈ ಕಡೆ ವಾಲಾಡ್ತಿತ್ತಾ?’ ಅಂತ ಕೇಳಿದರು. ವಾಲಾಡಿದರೆ ಟರ್ಕಿ ವಲ್ಚರ್. ನಾನದನ್ನ ನೋಡಿರಲೇ ಇಲ್ಲ. ಮೀಟಿಂಗಲ್ಲಾಗಿದ್ರೆ ‘ಇಲ್ಲ’ ಅಂತ ಜೋರಾಗೇ ಹೇಳಿಬಿಡ್ತಿದ್ದೆ. ಇಲ್ಲಿ ಬಾಯಿ ಬರಲಿಲ್ಲ.

‘ಗೊತ್ತಿಲ್ಲ’ ಅಂದೆ.

ಅವರಿಗೇನೂ ಬೇಜಾರಿಲ್ಲ. ಗುರುತು ಸಿಗದ ಹಕ್ಕಿಗೂ ಹಾಳೆಯಲ್ಲೊಂದು ಕಾಲಂ ಇತ್ತು; ಅಲ್ಲೊಂದು ಗೀಟು ಎಳೆದರು.

ಅಷ್ಟರಲ್ಲಿ ಅಮ್ಮನ ಫೋನು. ‘ಆಫೀಸಲ್ಲಿದೀಯೇನೋ?’

‘ಇಲ್ಲಮ್ಮ, ಗುಡ್ಡದ ಮೇಲಿದೀನಿ.’

‘ಇವತ್ತು ಸೋಮವಾರ ಅಲ್ವೇನೋ?’

ಬೈನಾಕ್ಯುಲರ್ ಕೆಳಗಿಟ್ಟು, ಮೊದಲಿಂದ ಹೇಳಿದೆ.